ಮನೆಯ ಕಂಪ್ಯೂಟರಿಗೆ ಉಚಿತ ಆಂಟಿವೈರಸ್: ಯಾವುದನ್ನು ಹಾಕಬೇಕು, ಯಾವುದನ್ನು ತೆಗೆಯಬೇಕು?

ಪ್ರಶ್ನೆ: ಮನೆಯಲ್ಲಿ ವಿಂಡೋಸ್ 10 ಇರುವ ಅಸೆಂಬಲ್ಡ್ ಕಂಪ್ಯೂಟರ್ ಇದೆ, 4 ಜಿಬಿ ರ್‍ಯಾಮ್. ಮಗಳ ಪಿಯುಸಿ ಓದು, ಅಡಿಕೆ ವ್ಯಾಪಾರದ ಲೆಕ್ಕ, ಬ್ಯಾಂಕ್ ವ್ಯವಹಾರ ಎಲ್ಲ ಇದರಲ್ಲೇ. ಕೊಂಡಾಗ ಹಾಕಿಕೊಟ್ಟ ಆಂಟಿವೈರಸ್‌ನ ಅವಧಿ ಮುಗಿದಿದೆ. ಅದರ ಜೊತೆಗೆ ಉಚಿತವಾಗಿ ಸಿಕ್ಕ ಇನ್ನೊಂದನ್ನು ಹಾಕಿದ ಮೇಲೆ ಕಂಪ್ಯೂಟರ್ ತೀರಾ ನಿಧಾನವಾಗಿದೆ. ಯಾವುದನ್ನು ಇಟ್ಟುಕೊಳ್ಳಲಿ?
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಎರಡನ್ನೂ ತೆಗೆಯಿರಿ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆಂಟಿವೈರಸ್ ಮೊದಲೇ ಇದೆ. ಅದಕ್ಕೆ ದುಡ್ಡಿಲ್ಲ, ಚಂದಾ ನವೀಕರಣದ ಕಾಟವಿಲ್ಲ, ‘ಈಗಲೇ ಖರೀದಿಸಿ’ ಎಂಬ ಜಾಹೀರಾತಿಲ್ಲ. ಮನೆ ಬಳಕೆಗೆ ಅದು ಸಾಕು. ಆದರೆ ಅದು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೀವು ನೋಡಲೇಬೇಕು. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಅಲ್ಲೇ.

ನಿಧಾನಕ್ಕೆ ಕಾರಣ ಇದು: ಫೈಲ್ ತೆರೆಯುವಾಗಲೆಲ್ಲ ಆಂಟಿವೈರಸ್ ನಡುವೆ ನಿಂತು ಅದನ್ನು ಓದಿ ನೋಡುತ್ತದೆ. ಎರಡಿದ್ದರೆ ಒಂದು ಓದಿದ ಫೈಲನ್ನು ಇನ್ನೊಂದೂ ಓದುತ್ತದೆ. ಒಂದರ ಓದನ್ನೇ ಇನ್ನೊಂದು ಅನುಮಾನದಿಂದ ನೋಡುವುದೂ ಉಂಟು. 4 ಜಿಬಿ ರ್‍ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಈ ಎರಡು ಪಟ್ಟು ಕೆಲಸವನ್ನು ತಾಳುವುದಿಲ್ಲ. ಇನ್ನೊಂದು ತೊಡಕೂ ಇದೆ. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅವಧಿ ಮುಗಿದದ್ದು ಹಾಗೇ ಕುಳಿತಿದ್ದರೆ ಡಿಫೆಂಡರ್ ಮತ್ತೆ ಎದ್ದಿದೆ ಎಂಬ ಖಾತ್ರಿಯಿಲ್ಲ. ಕಾವಲುಗಾರ ಇದ್ದಾನೆ ಎಂದುಕೊಂಡಿರುತ್ತೀರಿ, ಬಾಗಿಲು ತೆರೆದೇ ಇರುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ ತೆರೆದು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ, ಪ್ರತಿ ಸಲವೂ ರೀಸ್ಟಾರ್ಟ್ ಮಾಡಿ. ತೆಗೆದ ಮೇಲೂ ಅದರ ಹೆಸರು ಕಾಣುತ್ತಿದ್ದರೆ, ಅದೇ ಕಂಪನಿಯ ಜಾಲತಾಣದಲ್ಲಿ ‘ರಿಮೂವಲ್ ಟೂಲ್’ ಸಿಗುತ್ತದೆಯೇ ನೋಡಿ. ದೊಡ್ಡ ಕಂಪನಿಗಳೆಲ್ಲ ಅದನ್ನು ಉಚಿತವಾಗಿ ಕೊಡುತ್ತವೆ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಹೋಗಿ. ಕೊನೆಯ ಅಪ್‌ಡೇಟ್ ದಿನಾಂಕ ಇವತ್ತಿನದೋ ನಿನ್ನೆಯದೋ ಆಗಿರಬೇಕು. ಹದಿನೈದು ದಿನ ಹಳೆಯದಾಗಿದ್ದರೆ ಇಂಟರ್ನೆಟ್ ಸಂಪರ್ಕ ‘ಮೀಟರ್ಡ್’ (ಡೇಟಾ ಮಿತಿಯದು) ಎಂದು ಗುರುತಾಗಿದೆಯೇ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಡೇಟಾ ಉಳಿಸಲು ಅದನ್ನು ಆನ್ ಮಾಡಿರುತ್ತಾರೆ, ಅಪ್‌ಡೇಟ್ ಅಲ್ಲೇ ನಿಲ್ಲುತ್ತದೆ. ನಂತರ ‘ಮ್ಯಾನೇಜ್ ಸೆಟ್ಟಿಂಗ್ಸ್’ ಒತ್ತಿ. ರಿಯಲ್ ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಲಿ.

ಅದೇ ಪುಟದ ತಳಕ್ಕೆ ಇಳಿದರೆ ‘ಎಕ್ಸ್‌ಕ್ಲೂಷನ್ಸ್’ ಸಿಗುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ನೀವು ತಪ್ಪದೆ ನೋಡಿ. ಇಲ್ಲಿ ಬರೆದಿರುವ ಫೋಲ್ಡರನ್ನು ಡಿಫೆಂಡರ್ ಮುಟ್ಟುವುದೇ ಇಲ್ಲ. ಕಂಪ್ಯೂಟರ್ ಜೋಡಿಸುವಾಗ ಪೈರೇಟೆಡ್ ವಿಂಡೋಸ್ ಅಥವಾ ಆಫೀಸ್ ಹಾಕಿದ್ದರೆ, ಅದನ್ನು ಅಸಲಿಯಂತೆ ನಡೆಸುವ ಆಕ್ಟಿವೇಟರನ್ನು ಡಿಫೆಂಡರ್ ಅಳಿಸದಿರಲಿ ಎಂದು ಹಾಕಿದವರೇ ಇಲ್ಲಿ ಫೋಲ್ಡರ್ ಸೇರಿಸಿರುತ್ತಾರೆ. ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಬಿಟ್ಟುಕೊಟ್ಟಿರುತ್ತಾರೆ. ಆಗ ಮೇಲೆ ಹಸಿರು ಗುರುತು ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಪಾಸಣೆಯೇ ಇರುವುದಿಲ್ಲ. ಪಟ್ಟಿ ಖಾಲಿ ಇರಬೇಕು. ನಿಮಗೆ ಗೊತ್ತಿಲ್ಲದ ಪ್ರತಿಯೊಂದನ್ನೂ ತೆಗೆದು ಅದೇ ರಾತ್ರಿ ‘ಫುಲ್ ಸ್ಕ್ಯಾನ್’ ಹಾಕಿ. ಹಾರ್ಡ್‌ಡಿಸ್ಕ್ ತುಂಬಿದ್ದರೆ ಹಲವು ಗಂಟೆ ಹಿಡಿಯಬಹುದು. ಮಧ್ಯೆ ಕರೆಂಟ್ ಹೋದರೆ ಮತ್ತೆ ಶುರು ಮಾಡಿದರಾಯಿತು. ಅದರಲ್ಲಿ ಏನಾದರೂ ಸಿಕ್ಕಿದರೆ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಕೂಡ ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ವಿಂಡೋಸ್ ನಡೆಯುವಾಗ ಬಚ್ಚಿಟ್ಟುಕೊಳ್ಳುವ ವೈರಸ್ ಆಗ ಸಿಕ್ಕಿಬೀಳುತ್ತದೆ. ತೆರೆದಿರುವ ಕೆಲಸವನ್ನು ಮೊದಲೇ ಸೇವ್ ಮಾಡಿ.

ಬೇಡದ ಟೂಲ್‌ಬಾರ್, ಜಾಹೀರಾತು ತಂತ್ರಾಂಶಗಳನ್ನು ತಡೆಯುವ ಸ್ವಿಚ್ ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ ಒಳಗಿನ ‘ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್’ನಲ್ಲಿದೆ. ಅದನ್ನೂ ಆನ್ ಮಾಡಿ.

ಲೆಕ್ಕದ ಫೈಲುಗಳಿರುವುದರಿಂದ, ಫೈಲುಗಳನ್ನು ಲಾಕ್ ಮಾಡಿ ಬಿಡಿಸಲು ಹಣ ಕೇಳುವ ರಾನ್ಸಮ್‌ವೇರ್ ಬಗ್ಗೆ ಎರಡು ಮಾತು. ‘ರಾನ್ಸಮ್‌ವೇರ್ ಪ್ರೊಟೆಕ್ಷನ್’ ಕೆಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಮಾಡಿದರೆ, ಗುರುತಿಲ್ಲದ ತಂತ್ರಾಂಶ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಏನನ್ನೂ ಬದಲಿಸಲಾಗದು. ಡಿ ಡ್ರೈವಿನಲ್ಲಿರುವ ಲೆಕ್ಕದ ಫೋಲ್ಡರ್ ತಾನಾಗಿ ಇದರೊಳಗೆ ಬರುವುದಿಲ್ಲ, ನೀವೇ ಸೇರಿಸಬೇಕು. ನುಡಿಯಂಥ ತಂತ್ರಾಂಶದಲ್ಲಿ ಬರೆದದ್ದು ಇದ್ದಕ್ಕಿದ್ದಂತೆ ಸೇವ್ ಆಗದಿದ್ದರೆ ಗಾಬರಿ ಬೇಡ, ‘ಅಲೋ ಆ್ಯನ್ ಆ್ಯಪ್’ನಲ್ಲಿ ಅದನ್ನು ಸೇರಿಸಿ. ಇಷ್ಟಿದ್ದರೂ ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ತೆಗೆದು ಕೇಬಲ್ ಕಳಚಿಡಿ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನೂ ರಾನ್ಸಮ್‌ವೇರ್ ಲಾಕ್ ಮಾಡುತ್ತದೆ.

ಇನ್ನು ವಿಂಡೋಸ್ 10ರ ವಿಷಯ. ಆಂಟಿವೈರಸ್ ಆಯ್ಕೆಗಿಂತ ಇದು ದೊಡ್ಡದು. ಇದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರಿಗೆ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ ನಿಜ, ಆದರೆ ವಿಂಡೋಸ್‌ನಲ್ಲೇ ಬಿದ್ದ ತೂತನ್ನು ಆ ಪಟ್ಟಿ ಮುಚ್ಚುವುದಿಲ್ಲ. ಅದಕ್ಕೆ ‘ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್’ ಬೇಕು. 22ಎಚ್2 ಆವೃತ್ತಿ ಇದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ನೋಂದಾಯಿಸಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್’ ಕೊಂಡಿ ಕಾಣುತ್ತದೆ. 2025ರಲ್ಲಿ ಪ್ರಕಟಿಸಿದಂತೆ ಈ ಸೌಲಭ್ಯ 2026ರ ಅಕ್ಟೋಬರ್ 13ರವರೆಗೆ. ಪ್ರೊಸೆಸರ್ ಇಂಟೆಲ್ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿದ್ದರೆ ವಿಂಡೋಸ್ 11ಕ್ಕೆ ಹೋಗಬಹುದು. ‘ಟಿಪಿಎಂ ಇಲ್ಲ’ (ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ) ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ಅಸೆಂಬಲ್ಡ್ ಮದರ್‌ಬೋರ್ಡುಗಳಲ್ಲಿ ಅದು ಕಂಪ್ಯೂಟರ್ ಏಳುವಾಗಿನ ಮೂಲ ಸೆಟ್ಟಿಂಗ್ಸ್ ಆದ ಬಯೋಸ್‌ನಲ್ಲಿ ಆಫ್ ಆಗಿರುವುದು ಸಾಮಾನ್ಯ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ. 4 ಜಿಬಿ ರ್‍ಯಾಮ್‌ನಲ್ಲಿ ವಿಂಡೋಸ್ 11 ನಡೆಯುತ್ತದೆ ಎಂದು ಕಾಗದದಲ್ಲಿದೆ, ಆದರೆ ಎಳೆಯುತ್ತದೆ. ಇನ್ನೊಂದು 4 ಜಿಬಿ ಮತ್ತು ಹಾರ್ಡ್‌ಡಿಸ್ಕಿಗಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ. ಆಂಟಿವೈರಸ್‌ಗೆ ಎತ್ತಿಟ್ಟ ಹಣ ಅಲ್ಲಿಗೆ ಹೋಗಲಿ.

ಪ್ರಶ್ನೆ: ಅವಾಸ್ಟ್, ಎವಿಜಿ, ಬಿಟ್‌ಡಿಫೆಂಡರ್ ಉಚಿತ ಆವೃತ್ತಿಗಳು ನಂಬಲರ್ಹವೇ? ಉಚಿತವಾಗಿ ಕೊಡುವವರು ನಮ್ಮ ಮಾಹಿತಿ ಮಾರುತ್ತಾರೆ ಎನ್ನುತ್ತಾರಲ್ಲ?
– ಓದುಗರು, ಚಿಂತಾಮಣಿ

ಉತ್ತರ: ವೈರಸ್ ಹಿಡಿಯುವುದರಲ್ಲಿ ಮೂರೂ ಗಟ್ಟಿ. ನಿಮ್ಮ ಅನುಮಾನಕ್ಕೂ ಆಧಾರವಿದೆ. ಅವಾಸ್ಟ್ ತನ್ನ ಬಳಕೆದಾರರು ನೋಡಿದ ಜಾಲತಾಣಗಳ ವಿವರವನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿತ್ತು. 2020ರಲ್ಲಿ ಆ ಸಂಸ್ಥೆಯನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿ, ಜಾಹೀರಾತಿಗಾಗಿ ಇಂಥ ವಿವರ ಮಾರದಂತೆ ನಿರ್ಬಂಧಿಸಿತು. ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಬೇಸರದಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ಅದೇ ಮನೆಯ ಇನ್ನೊಂದು ಕೋಣೆಗೆ ಹೋದಂತೆ. ಡಿಫೆಂಡರ್ ಬೇಡ ಎನ್ನುವವರಿಗೆ ನಮ್ಮ ಆಯ್ಕೆ ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿ. ಖಾತೆ ತೆರೆಯಬೇಕಾಗುತ್ತದೆ, ಅಷ್ಟೇ.

ಮಾಲ್‌ವೇರ್‌ಬೈಟ್ಸ್ ಉಚಿತ ಆವೃತ್ತಿ ಬೇರೆ ಜಾತಿ. ಟ್ರಯಲ್ ಅವಧಿ ಮುಗಿದ ಮೇಲೆ ಅದು ಕಾವಲು ಕಾಯುವುದಿಲ್ಲ, ನೀವು ಹೇಳಿದಾಗ ಮಾತ್ರ ಹುಡುಕುತ್ತದೆ. ಡಿಫೆಂಡರಿನ ಜೊತೆ ಎರಡನೇ ಅಭಿಪ್ರಾಯಕ್ಕೆ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸಿಗುವ ಬಾಟ್ (ಹೊರಗಿನವರು ನಿಮ್ಮ ಕಂಪ್ಯೂಟರನ್ನು ಗುಟ್ಟಾಗಿ ನಡೆಸಲು ಬಳಸುವ ತಂತ್ರಾಂಶ) ತೆಗೆಯುವ ಉಪಕರಣಗಳೂ ಹೀಗೆಯೇ, ಸೋಂಕು ತಗುಲಿದ ಮೇಲೆ ತೊಳೆಯುವುದಕ್ಕೆ.

ಯಾವುದನ್ನೇ ಆಗಲಿ ಗೂಗಲ್‌ನಲ್ಲಿ ಹುಡುಕಿ ಮೊದಲ ಸಾಲನ್ನೇ ಒತ್ತಬೇಡಿ. ‘ಸ್ಪಾನ್ಸರ್ಡ್’ ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಸಾಲು. ನಕಲಿ ಡೌನ್‌ಲೋಡ್ ತಾಣಗಳು ಅಲ್ಲೇ ಕಾದಿರುತ್ತವೆ.

ಪ್ರಶ್ನೆ: ಜೆರಾಕ್ಸ್ ಅಂಗಡಿಯಲ್ಲಿ ಪಹಣಿ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್‌ಡ್ರೈವಿನಲ್ಲಿ ಎಲ್ಲ ಫೋಲ್ಡರೂ ಶಾರ್ಟ್‌ಕಟ್ ಆಗಿವೆ. ಫೋಟೊಗಳು ಹೋದವೇ?
– ಓದುಗರು, ಬಂಗಾರಪೇಟೆ

ಉತ್ತರ: ಹೋಗಿಲ್ಲ, ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಈ ವೈರಸ್ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನೀವು ಒತ್ತಿದರೆ ಮೊದಲು ವೈರಸ್ ಓಡಿ, ಆಮೇಲೆ ಫೋಲ್ಡರೂ ತೆರೆಯುತ್ತದೆ. ಅದಕ್ಕೇ ಅನುಮಾನ ಬರುವುದಿಲ್ಲ. ಬಾಣದ ಗುರುತಿರುವ ಯಾವುದನ್ನೂ ಒತ್ತಬೇಡಿ. ಪೆನ್‌ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಡಿಫೆಂಡರಿನಿಂದ ಸ್ಕ್ಯಾನ್ ಮಾಡಿ. ನಂತರ ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ ಭಾಗದಲ್ಲಿ ಅಡಗಿದ ಫೈಲ್ ತೋರಿಸು ಎಂಬುದನ್ನು ಆರಿಸಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಎದುರಿನ ಗುರುತನ್ನೂ ತೆಗೆಯಿರಿ. ಮೊದಲನೆಯದಷ್ಟೇ ಮಾಡಿದರೆ ಕಾಣುವುದಿಲ್ಲ, ಏಕೆಂದರೆ ವೈರಸ್ ಫೋಲ್ಡರಿಗೆ ಸಿಸ್ಟಂ ಫೈಲಿನ ಮುದ್ರೆಯನ್ನೂ ಒತ್ತಿರುತ್ತದೆ. ಫೈಲ್ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ಕಾಣುವಂತೆಯೂ ಮಾಡಿಕೊಳ್ಳಿ. ಫೋಟೊ, ಪಿಡಿಎಫ್ ಮಾತ್ರ ನಕಲು ಮಾಡಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ‘ವ್ಯೂ’ ಭಾಗದಲ್ಲಿ ತೆಗೆದ ಗುರುತನ್ನು ಮತ್ತೆ ಹಾಕಿ. ಅಂಗಡಿಗೆ ಒಯ್ಯಲು ಬೇರೆಯೇ ಒಂದು ಸಣ್ಣ ಪೆನ್‌ಡ್ರೈವ್ ಇಡಿ, ಅದರಲ್ಲಿ ಪ್ರಿಂಟಿಗೆ ಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು.

ಪ್ರಶ್ನೆ: ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಜೋರಾಗಿ ಶಬ್ದವೂ ಆಯಿತು. ಮೈಕ್ರೋಸಾಫ್ಟ್ ಹೆಸರೂ ಇತ್ತು.
– ಓದುಗರು, ಶಿಡ್ಲಘಟ್ಟ

ಉತ್ತರ: ಅದು ಬರೀ ಒಂದು ವೆಬ್ ಪುಟ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಪುಟ ಮುಚ್ಚಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ‘ಎಂಡ್ ಟಾಸ್ಕ್’ ಮಾಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ‘ರೀಸ್ಟೋರ್’ ಮಾಡಬೇಡಿ. ಮೂಲೆಯಲ್ಲಿ ಇಂಥದ್ದೇ ಸಣ್ಣ ಎಚ್ಚರಿಕೆಗಳು ಬರುತ್ತಲೇ ಇದ್ದರೆ, ಯಾವುದೋ ತಾಣಕ್ಕೆ ನೋಟಿಫಿಕೇಷನ್ ಅನುಮತಿ ಕೊಟ್ಟಿದ್ದೀರಿ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಅಳಿಸಿ.

ಕರೆ ಮಾಡಿ, ಅವರು ಹೇಳಿದಂತೆ ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿದ್ದರೆ ಮೊದಲು ಇಂಟರ್ನೆಟ್ ಕಡಿಯಿರಿ. ಬ್ಯಾಂಕ್ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಆ ಕ್ಷಣವೇ ಫೋನ್ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ದಾಟುವ ಮೊದಲು ತಡೆಹಿಡಿಸಲು ಅವಕಾಶವಿರುತ್ತದೆ, ಠಾಣೆಗೆ ನಾಳೆ ಹೋದರಾಯಿತು ಎಂದು ಕಾಯಬೇಡಿ.