ಅಟ್ಟದ ಸ್ಪೆಕ್ಟ್ರಮ್‌ನಲ್ಲಿ ‘ಮಂಗಳೂರು’ ಬರೆಯಬಹುದೇ?

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ 1985ರಲ್ಲಿ ಬಹರೈನ್‌ನಿಂದ ತಂದಿದ್ದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಕಂಪ್ಯೂಟರ್ ಮೊನ್ನೆ ಅಟ್ಟದಲ್ಲಿ ಸಿಕ್ಕಿತು. ಜೊತೆಗೆ ಅದರ ಪ್ರೋಗ್ರಾಂಗಳಿರುವ ಏಳು ಕ್ಯಾಸೆಟ್. ಅಡಾಪ್ಟರ್ ಇಲ್ಲ. ಏಳನೇ ಕ್ಲಾಸಿನ ಮಗಳಿಗೆ ಇದರಲ್ಲಿ ಪ್ರೋಗ್ರಾಂ ಬರೆದು, ಪರದೆ ಮೇಲೆ ಕನ್ನಡದಲ್ಲೇ ‘ಮಂಗಳೂರು’ ಎಂದು ಬರಿಸುವ ಆಸೆ. ಆಗುತ್ತದಾ? ಲ್ಯಾಪ್‌ಟಾಪ್‌ನಲ್ಲಿ ಸ್ಪೆಕ್ಟ್ರಮ್‌ನಂತೆಯೇ ನಡೆಯುವ ಫ್ಯೂಸ್ ಎಂಬ ತಂತ್ರಾಂಶ ಹಾಕಿಕೊಳ್ಳಿ ಎನ್ನುತ್ತಾರೆ. ಅದು ಕಳ್ಳ ಪ್ರತಿ ಅಲ್ವಾ?
— ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಆಗುತ್ತದೆ. ಆದರೆ ಮನೆಯಲ್ಲಿರುವ ಯಾವುದೋ 9 ವೋಲ್ಟ್ ಅಡಾಪ್ಟರ್ ಮಾತ್ರ ಚುಚ್ಚಬೇಡಿ. ಈಗಿನ ಹೆಚ್ಚಿನ ಅಡಾಪ್ಟರ್‌ಗಳ ಪಿನ್ನಿನಲ್ಲಿ ನಡುವೆ ಪ್ಲಸ್, ಹೊರಗೆ ಮೈನಸ್. ಸ್ಪೆಕ್ಟ್ರಮ್‌ಗೆ ಬೇಕಾದದ್ದು ಉಲ್ಟಾ, ನಡುವೆ ಮೈನಸ್. 1.4 ಆಂಪ್ ಕೊಡುವಂಥದ್ದಿರಲಿ. ಉಡುಪಿಯ ನಮ್ಮ ಮನೆಯಲ್ಲಿ ಇದನ್ನು ನೋಡದೆ ಹಾಕಿ, ಒಳಗಿನ ಟಿಆರ್4 ಎಂಬ ಟ್ರಾನ್ಸಿಸ್ಟರ್ ಸುಟ್ಟಿತು. ಜೊತೆಗೆ ಒಂದು ಮೆಮೊರಿ ಚಿಪ್ಪೂ ಹೋಯಿತು. ನಿಮಗೆ ಹಾಗಾಗಬಾರದು.

ಫ್ಯೂಸ್ ಕಳ್ಳ ಪ್ರತಿ ಅಲ್ಲ. ಅದು ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಅದರ ಮೂಲ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು. ಸ್ಪೆಕ್ಟ್ರಮ್ ಒಳಗೆ ಕಾಯಂ ಆಗಿ ಕೂತ ಪ್ರೋಗ್ರಾಂ, ಅಂದರೆ 16ಕೆ ರೋಮ್‌ನ ಮಾತು ಬೇರೆ. 1986ರಲ್ಲಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು ಕೊಂಡ ಆಮ್‌ಸ್ಟ್ರಾಡ್ ಕಂಪನಿ ಅದರ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡು, ಇಂಥ ತಂತ್ರಾಂಶದ ಜೊತೆ ಹಂಚಲು ಒಪ್ಪಿಗೆ ಕೊಟ್ಟಿತು. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಆ ರೋಮ್ ಬೇರೆ ಪ್ಯಾಕೇಜ್. ಬಿಟ್ಟಿ ಸಿಗುವುದೆಲ್ಲ ಮುಕ್ತ ಅಲ್ಲ ಅನ್ನುವುದನ್ನು ಮಗಳಿಗೆ ಈಗಲೇ ಹೇಳಿಕೊಡಿ.

ಇನ್ನು ಕ್ಯಾಸೆಟ್. ನಮ್ಮ ಕರಾವಳಿಯ ಮಳೆಗಾಲ ಟೇಪಿಗೆ ಶತ್ರು. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿ, ಕಂದು ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಅದನ್ನು ಡೆಕ್‌ಗೆ ಹಾಕಲೇಬೇಡಿ, ಟೇಪ್ ಓದುವ ಹೆಡ್‌ಗೂ ಮೆತ್ತಿಕೊಳ್ಳುತ್ತದೆ. ಚೆನ್ನಾಗಿರುವುದನ್ನು ಲ್ಯಾಪ್‌ಟಾಪ್‌ಗೆ ವೈರ್ ಎಳೆದು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಸದ್ದು ಮಂಕಾಗಿದ್ದರೆ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಕಿರುಚುವಷ್ಟು ಚೂಪಾಗಬೇಕು. ಆ ಸದ್ದಿನ ಕಡತವನ್ನು ಫ್ಯೂಸ್‌ನವರದೇ ಬೇರೆ ಪ್ಯಾಕೇಜ್ ಫ್ಯೂಸ್-ಯುಟಿಲ್ಸ್‌ನಲ್ಲಿರುವ ಆಡಿಯೋ2ಟೇಪ್ ಎಂಬ ಉಪಕರಣ ಫ್ಯೂಸ್ ಓದಬಲ್ಲ ಟೇಪ್ ಕಡತವಾಗಿ ಬದಲಿಸುತ್ತದೆ. ಲೋಡ್ ಮಾಡುವಾಗ ಪರದೆಯ ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ ಪಟ್ಟೆ, ಆಮೇಲೆ ನೀಲಿ-ಹಳದಿ ಪಟ್ಟೆ ಓಡಿದರೆ ಟೇಪಿಗೆ ಜೀವ ಇದೆ ಎಂದರ್ಥ. ಆ ನೀಲಿ-ಹಳದಿ ಮೊದಲ ಸಲ ಕಂಡ ದಿನ ನನಗೆ ಊಟ ಸೇರಿರಲಿಲ್ಲ, ಅಷ್ಟು ಖುಷಿ.

ಈಗ ‘ಮಂಗಳೂರು’. ಸ್ಪೆಕ್ಟ್ರಮ್‌ನಲ್ಲಿ ಒಂದು ಅಕ್ಷರಕ್ಕೆ ಸಿಗುವುದು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಮನೆ. ಇಂಗ್ಲಿಷ್ ಅಕ್ಷರ ಅದರಲ್ಲಿ ಸುಮ್ನೆ ಕೂರುತ್ತದೆ, ‘ಳೂ’ ಕೂರುವುದಿಲ್ಲ. ಆದರೆ ಅದರ ಪ್ರೋಗ್ರಾಂ ಭಾಷೆ ಬೇಸಿಕ್‌ನಲ್ಲಿ ನಾವೇ ಬರೆದುಕೊಳ್ಳಲು ‘ಎ’ಯಿಂದ ‘ಯು’ವರೆಗೆ 21 ಮನೆಗಳಿವೆ. ‘ಮ’ಕ್ಕೆ 4, ಸೊನ್ನೆಗೆ 1, ‘ಗ’ಕ್ಕೆ 4, ‘ಳೂ’ಗೆ 6, ‘ರು’ಗೆ 6. ಕೂಡಿಸಿ ನೋಡಿ, ಸರಿಯಾಗಿ 21!

ಸೊನ್ನೆಯಿಂದಲೇ ಶುರು ಮಾಡಲಿ. ಗಣಿತದ ಚೌಕುಳಿ ಪುಸ್ತಕದಲ್ಲಿ 8 ಸಾಲು. ತುಂಬಿದ ಚೌಕಕ್ಕೆ 1, ಖಾಲಿಗೆ 0. ಎರಡನೇ ಸಾಲು 00111100, ಬೈನರಿ ಲೆಕ್ಕದಲ್ಲಿ 32+16+8+4, ಅಂದರೆ 60. ಅದರ ಕೆಳಗಿನ ನಾಲ್ಕು ಸಾಲು 01000010, ಅಂದರೆ 64+2, ಒಟ್ಟು 66. ಹೀಗೆ 0, 60, 66, 66, 66, 66, 60, 0 ಎಂಬ ಎಂಟು ಸಂಖ್ಯೆಗಳನ್ನು ಪೋಕ್ ಆದೇಶದಿಂದ ‘ಎ’ ಮನೆಗೆ ತುಂಬಿದರೆ ಪರದೆ ಮೇಲೆ ಕನ್ನಡದ ಸೊನ್ನೆ. ಇಡೀ ಹೆಸರಿಗೆ 168 ಸಂಖ್ಯೆ. ಮೊದಲು ಫ್ಯೂಸ್‌ನಲ್ಲಿ ಮಾಡಲಿ, ತಪ್ಪಾದರೆ ಏನೂ ಸುಡುವುದಿಲ್ಲ. ಸರಿಯಾದ ಅಡಾಪ್ಟರ್ ಸಿಕ್ಕ ದಿನ ಚಿಕ್ಕಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರ ಯಂತ್ರದಲ್ಲೇ ಟೈಪ್ ಮಾಡಲಿ. ‘ಳೂ’ ಬರೆದ ಪುಟದ ಫೋಟೋ ನನಗೆ ಕಳಿಸಿ, ಅದರ ಬಾಲ ಎಲ್ಲರಿಗೂ ಕೈಕೊಡುತ್ತದೆ. ತಿದ್ದಿ ಕೊಡುತ್ತೇನೆ.