911ಕ್ಕೆ ಕೈತಪ್ಪಿ ಕರೆ ಹೋಯಿತು, ಪೊಲೀಸರು ಮನೆಯೊಳಗೆ ಬಂದರು

ನಮಸ್ಕಾರ. ನಿಮ್ಮ ಪತ್ರ ಓದಿದೆ. ಅಮೆರಿಕದ ನ್ಯೂಜೆರ್ಸಿಗೆ ಬಂದು ಇನ್ನೂ ಪೆಟ್ಟಿಗೆಗಳನ್ನೇ ಪೂರ್ತಿ ಬಿಚ್ಚಿಲ್ಲ, ಅಷ್ಟರಲ್ಲಿ ಇಂಥದ್ದೊಂದು. ಎರಡು ವರ್ಷದ ಮಗು ನಿಮ್ಮ ಹೆಂಡತಿಯ ಫೋನಿನ ಬದಿಯ ಬಟನ್ ಪಟಪಟ ಒತ್ತಿದೆ, ಇಲ್ಲಿನ ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಹೋಗಿದೆ. ಅವರು ಗಾಬರಿಯಾಗಿ ಕಟ್ ಮಾಡಿದ್ದಾರೆ. ಮತ್ತೆ ರಿಂಗ್ ಆದಾಗ ಗೊತ್ತಿಲ್ಲದ ನಂಬರ್ ಅಂತ ಎತ್ತಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಪೊಲೀಸರು. ಒಳಗೆ ಬಂದು ಒಂದೊಂದೇ ಕೋಣೆ ನೋಡಿದರು, ನಿಮ್ಮನ್ನು ಹಾಲ್‌ನಲ್ಲಿ ನಿಲ್ಲಿಸಿ ಹೆಂಡತಿಯನ್ನು ಬೇರೆ ಕರೆದು ಮಾತಾಡಿಸಿದರು. ಊರಿಂದ ಬಂದಿರುವ ನಿಮ್ಮ ತಾಯಿ ಆವತ್ತಿಂದ ಕಾಲಿಂಗ್ ಬೆಲ್ ಆದರೆ ಬೆಚ್ಚಿ ಬೀಳುತ್ತಾರೆ ಅಂತ ಬರೆದಿದ್ದೀರಿ. ಪೊಲೀಸರಿಗೆ ಹೀಗೆ ಒಳಗೆ ಬರಲು ಹಕ್ಕಿದೆಯಾ, ವೀಸಾಗೆ ಇದರಿಂದ ತೊಂದರೆಯಾಗುತ್ತದಾ, ನಮ್ಮ ಬಣ್ಣ ನೋಡಿ ಹೀಗೆ ಮಾಡಿದರಾ ಅಂತ ಕೇಳಿದ್ದೀರಿ.

ವೀಸಾ ಮಾತು ಮೊದಲು ಮುಗಿಸಿಬಿಡುತ್ತೇನೆ, ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಏನೂ ಆಗಲ್ಲ. ಪೊಲೀಸರು ಬಂದು ನೋಡಿಕೊಂಡು ಹೋದರು, ಅಷ್ಟೇ. ಅರೆಸ್ಟ್ ಇಲ್ಲ, ಕೇಸ್ ಇಲ್ಲ. ವೀಸಾ ಅರ್ಜಿಯ ಡಿಎಸ್-160 ಫಾರಂನಲ್ಲಿ ಕೇಳುವುದು ಯಾವತ್ತಾದರೂ ಅರೆಸ್ಟ್ ಆಗಿದ್ದೀರಾ, ಶಿಕ್ಷೆ ಆಗಿದೆಯಾ ಅಂತ. ನಿಮ್ಮ ಉತ್ತರ ‘ಇಲ್ಲ’, ನಾಳೆಯೂ ‘ಇಲ್ಲ’ವೇ. ಪೊಲೀಸ್ ಠಾಣೆಯಲ್ಲಿ ಕರೆ ಬಂತು, ಹೋಗಿ ನೋಡಿದೆವು, ಎಲ್ಲ ಸರಿಯಿದೆ ಅಂತ ಒಂದು ನಮೂದು ಇರುತ್ತದೆ. ದಂಡವೂ ಇಲ್ಲ. ಬೇಕಂತಲೇ ಸುಳ್ಳು ಕರೆ ಮಾಡುವುದು ಮಾತ್ರ ಅಪರಾಧ. ನಿಮ್ಮದು ಮಗುವಿನ ಕೈತಪ್ಪು.

ಈಗ ನಿಮಗೆ ನಿಜವಾಗಿ ನೋವಾದ ವಿಷಯ. ‘ಇವರು ನಿಮ್ಮ ಮೇಲೆ ಕೈ ಮಾಡುತ್ತಾರಾ’ ಅಂತ ಹೆಂಡತಿಯನ್ನು ಕೇಳಿದರಲ್ಲ, ಅದು. ಒಂದು ದಿನ ಏರುದನಿಯಲ್ಲಿ ಮಾತಾಡಿದವನಲ್ಲ, ಕಳ್ಳನನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದರು ಅಂತ ಬರೆದಿದ್ದೀರಿ. ನಿಮ್ಮ ಮಾತು ನಂಬುತ್ತೇನೆ. ಆದರೆ ಆ ಪೊಲೀಸರಿಗೆ ನೀವು ಯಾರೋ ಏನೋ. 911 ಕೇಂದ್ರದಲ್ಲಿ ಕರೆ ಎತ್ತಿದವರಿಗೆ ಕೇಳಿಸಿದ್ದು ಇಷ್ಟು: ಮಗು ಅಳುತ್ತಿತ್ತು, ಯಾರೋ ಹೆಂಗಸು ಅರ್ಥವಾಗದ ಭಾಷೆಯಲ್ಲಿ ಏನೋ ಕೂಗಿದರು, ಕಟ್ ಆಯಿತು. ವಾಪಸ್ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಏಟು ತಿಂದ ಹೆಣ್ಣುಮಗಳೊಬ್ಬಳು ಬಚ್ಚಲುಮನೆಯಿಂದ 911 ಒತ್ತಿ, ಗಂಡ ಬಂದು ಫೋನ್ ಕಿತ್ತುಕೊಂಡರೂ ಅವರಿಗೆ ಕೇಳಿಸುವುದು ಇದೇ. ಆ ಮನೆಯಲ್ಲೂ ಬಾಗಿಲು ತೆಗೆಯುವವನು ಗಂಡನೇ. ‘ಮಗು ಆಟ ಆಡ್ತಾ ಒತ್ತಿಬಿಡ್ತು ಸರ್’ ಅಂತ ನಗುತ್ತಾ ಹೇಳುವವನೂ ಅವನೇ. ನೀವೂ ಅದೇ ಮಾತು ಹೇಳಿದಿರಿ, ನಿಮ್ಮದು ನಿಜ, ಅವನದು ಸುಳ್ಳು. ಬಾಗಿಲಲ್ಲಿ ನಿಂತವರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಅದಕ್ಕೇ ಗಂಡ-ಹೆಂಡತಿಯನ್ನು ಬೇರೆ ಬೇರೆ ಮಾತಾಡಿಸುತ್ತಾರೆ. ಗಂಡ ಎದುರಿಗಿದ್ದರೆ ಅವಳು ಬಾಯಿ ಬಿಡಲ್ಲ ಅನ್ನುವುದು ಅವರಿಗೆ ಅನುಭವದಿಂದ ಗೊತ್ತು.

ಇದು ಬೇರೆಯವರ ಮನೆ ಕತೆ, ನಮ್ಮವರಲ್ಲಿ ಹೀಗಿಲ್ಲ ಅಂದುಕೊಳ್ಳಬೇಡಿ. ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದ ಹುಡುಗಿಯರನ್ನು ನೋಡಿ. ಸ್ವಂತ ಸಂಪಾದನೆ ಇಲ್ಲ, ಕಾರು ಓಡಿಸಲು ಬರಲ್ಲ, ಅಪ್ಪ-ಅಮ್ಮ ಸಾವಿರಾರು ಮೈಲಿಯಾಚೆ. ಹಬ್ಬಕ್ಕೆ ಕನ್ನಡ ಕೂಟಕ್ಕೆ ಬಂದು ರೇಷ್ಮೆ ಸೀರೆಯಲ್ಲಿ ನಗುತ್ತಾ ಕೋಸಂಬರಿ ಬಡಿಸುತ್ತಿರುತ್ತಾರೆ, ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಯಾರಿಗೂ ಗೊತ್ತಿರಲ್ಲ. ನಮ್ಮ ಕಡೆಯ ಹೆಂಗಸರಿಗೆ ಅಂತಲೇ ನ್ಯೂಜೆರ್ಸಿಯಲ್ಲಿ 1985ರಲ್ಲಿ ‘ಮಾನವಿ’ ಅನ್ನುವ ಸಂಸ್ಥೆ ಹುಟ್ಟಿಕೊಂಡಿತು. ಅಗತ್ಯ ಇಲ್ಲದೆ ಹುಟ್ಟಲಿಲ್ಲ. ಪೊಲೀಸರು ಅವತ್ತು ಬಾಗಿಲಿಂದಲೇ ವಾಪಸ್ ಹೋಗಿದ್ದರೆ ನಾನು ಉಳಿಯುತ್ತಿರಲಿಲ್ಲ ಅಂತ ನನ್ನ ಹತ್ತಿರ ಹೇಳಿಕೊಂಡ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳನ್ನು ನೆನೆಸಿಕೊಂಡರೆ ನಿಮ್ಮ ಮನೆಯಲ್ಲಿ ಆದ ಅರ್ಧ ಗಂಟೆಯ ಮುಜುಗರ ದೊಡ್ಡದಲ್ಲ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಗೊತ್ತಿರಲಿ. ಈ ರಾಜ್ಯದಲ್ಲಿ ಮನೆಜಗಳದ ಕರೆಗೆ ಬಂದ ಪೊಲೀಸರಿಗೆ ಯಾರ ಮೈಮೇಲಾದರೂ ಏಟಿನ ಗುರುತು ಕಂಡು, ಇನ್ನೊಬ್ಬರು ಹೊಡೆದಿದ್ದಾರೆ ಅನ್ನಲು ಕಾರಣವಿದ್ದರೆ, ಅರೆಸ್ಟ್ ಮಾಡಲೇಬೇಕು ಅನ್ನುತ್ತದೆ ಕಾನೂನು. ‘ಬಿಡಿ ಸರ್, ನಾವೇ ರಾಜಿ ಆಗ್ತೀವಿ’ ಅಂದರೆ ನಡೆಯಲ್ಲ.

ಹಕ್ಕಿನ ಪ್ರಶ್ನೆಗೆ ಬರೋಣ. ಇಲ್ಲಿ ಮನೆ ಅಂದರೆ ಕಾನೂನಿಗೆ ಬಹಳ ದೊಡ್ಡದು. ಸಂವಿಧಾನದ ನಾಲ್ಕನೇ ತಿದ್ದುಪಡಿ, 1791ರದ್ದು, ವಾರಂಟ್ ಇಲ್ಲದೆ ಸರ್ಕಾರ ಮನೆಯೊಳಗೆ ಕಾಲಿಡುವುದನ್ನು ಸಾಮಾನ್ಯವಾಗಿ ಒಪ್ಪಲ್ಲ. ಆದರೆ ಒಳಗೆ ಯಾರಿಗೋ ಪೆಟ್ಟಾಗಿದೆ, ಅಪಾಯವಿದೆ ಅಂತ ನಂಬಲು ತಕ್ಕ ಕಾರಣ ಇದ್ದರೆ ವಾರಂಟ್ ಬೇಕಿಲ್ಲ. ಯೂಟಾ ರಾಜ್ಯದ ಬ್ರಿಗಮ್ ಸಿಟಿಯಲ್ಲಿ ಪೊಲೀಸರು ಕಿಟಕಿಯಿಂದ ಹೊಡೆದಾಟ ಕಂಡು ಒಳಗೆ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಹೇಳಿತು. ಹಾಗಂತ ‘ಕ್ಷೇಮ ವಿಚಾರಿಸಲು ಬಂದೆವು’ ಅಂತ ಹೇಳಿ ಯಾರ ಮನೆಗೆ ಬೇಕಾದರೂ ನುಗ್ಗಬಹುದು ಅಂತಲ್ಲ. 2021ರಲ್ಲಿ ಕನಿಗ್ಲಿಯಾ ಪ್ರಕರಣದಲ್ಲಿ ಅದೇ ಕೋರ್ಟ್, ನ್ಯಾಯಮೂರ್ತಿಗಳೆಲ್ಲರೂ ಒಮ್ಮತದಿಂದ, ಪೊಲೀಸರ ಜನಸೇವೆಯ ಕರ್ತವ್ಯ ಅನ್ನುವುದೊಂದೇ ಮನೆ ಹೊಕ್ಕಲು ಪರವಾನಗಿ ಆಗುವುದಿಲ್ಲ ಅಂದಿತು. ಕಟ್ ಆದ ಒಂದು ಕರೆ ಮಾತ್ರ ಸಾಕಾ ಅನ್ನುವುದನ್ನು ಕೋರ್ಟುಗಳು ಆಯಾ ಸಂದರ್ಭ ನೋಡಿ ತೀರ್ಮಾನಿಸುತ್ತವೆ: ಕೂಗು ಕೇಳಿಸಿತ್ತಾ, ವಾಪಸ್ ಕರೆ ಎತ್ತಿದರಾ, ಬಾಗಿಲು ತೆಗೆಯಲು ತಡಮಾಡಿದರಾ, ಎಲ್ಲ ಲೆಕ್ಕಕ್ಕೆ ಬರುತ್ತದೆ.

ಇನ್ನು ನಿಮ್ಮ ಮನೆಯ ಮಟ್ಟಿಗೆ. ‘ಒಳಗೆ ಬಂದು ನೋಡಬಹುದಾ’ ಅಂತ ಅವರು ಕೇಳಿದರು, ನೀವು ಬಾಗಿಲು ಪೂರ್ತಿ ತೆಗೆದು ಪಕ್ಕಕ್ಕೆ ಸರಿದಿರಿ ಅಂತ ಬರೆದಿದ್ದೀರಿ. ಅದನ್ನು ಒಪ್ಪಿಗೆ ಅಂತ ವಾದಿಸಬಹುದು. ಒಪ್ಪಿಗೆ ಕೊಟ್ಟ ಮೇಲೆ ಹಕ್ಕಿನ ತಕರಾರು ಎತ್ತುವುದು ಕಷ್ಟ. ಒಪ್ಪದೆಯೂ ಇರಬಹುದಿತ್ತು. ಎಲ್ಲರೂ ಹೊರಗೆ ಬರುತ್ತೇವೆ, ಇಲ್ಲೇ ಒಬ್ಬೊಬ್ಬರನ್ನೇ ಮಾತಾಡಿಸಿ ಅಂತ ಮರ್ಯಾದೆಯಿಂದ ಹೇಳಬಹುದಿತ್ತು. ಅಷ್ಟಕ್ಕೇ ಸಮಾಧಾನ ಆದರೂ ಆಗಬಹುದು. ಆದರೂ ಒಳಗೆ ಹೋಗಲೇಬೇಕು ಅಂತ ಹೊರಟರೆ ಅಡ್ಡ ನಿಲ್ಲಬೇಡಿ, ಕೈ ಹಿಡಿದು ತಡೆಯಬೇಡಿ. ‘ನನ್ನ ಒಪ್ಪಿಗೆ ಇಲ್ಲ’ ಅಂತ ಒಂದು ಸಲ ಸ್ಪಷ್ಟವಾಗಿ ಹೇಳಿ ಪಕ್ಕಕ್ಕೆ ಸರಿಯಿರಿ. ಉಳಿದದ್ದು ವಕೀಲರ ಕೆಲಸ. ಹೊಸಿಲ ಮೇಲೆ ವಾದ ಮಾಡಿ ಗೆದ್ದವರನ್ನು ನಾನು ಕಾಣೆ. ಇಲ್ಲಿ 2021ರ ಜೂನ್‌ನಿಂದ ಗಸ್ತಿನಲ್ಲಿರುವ ಸಮವಸ್ತ್ರದ ಪೊಲೀಸರು ಎದೆ ಮೇಲೆ ಕ್ಯಾಮೆರಾ ಹಾಕಿಕೊಳ್ಳಬೇಕು ಅನ್ನುವ ಕಾನೂನಿದೆ. ಹಾಗಾಗಿ ನೀವು ಆಡಿದ ಮಾತು, ಅವರು ನಡೆದುಕೊಂಡ ರೀತಿ, ಎರಡಕ್ಕೂ ಸಾಕ್ಷಿ ಇರುತ್ತದೆ. ಅವರು ಬರೆದುಕೊಂಡ ವರದಿ ನೋಡಬೇಕು ಅನಿಸಿದರೆ ಊರಿನ ದಾಖಲೆ ವಿಭಾಗಕ್ಕೆ ಅರ್ಜಿ ಹಾಕಿ. ನಮ್ಮಲ್ಲಿ ಮಾಹಿತಿ ಹಕ್ಕಿನಲ್ಲಿ ಹಾಕುವಂಥದ್ದೇ, ಇಲ್ಲಿ ಓಪ್ರಾ ಅನ್ನುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಎದೆ ಝಲ್ ಅನಿಸಿದ ಸಾಲು ಬೇರೆ. ತಾಯಿಯವರು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದವರು ಗಲಾಟೆ ಕೇಳಿ ಚಾಕು ಕೈಯಲ್ಲಿ ಹಿಡಿದೇ ಹಾಲ್‌ಗೆ ಬಂದರು, ಪೊಲೀಸಪ್ಪ ಜೋರಾಗಿ ಕೂಗಿದ, ಅವರಿಗೆ ಅರ್ಥವಾಗಲಿಲ್ಲ, ನೀವು ಓಡಿಹೋಗಿ ಇಸಿದುಕೊಂಡಿರಿ ಅಂತ ಸುಮ್ನೆ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆವತ್ತು ನಡೆದಿದ್ದರಲ್ಲಿ ನಿಜವಾದ ಅಪಾಯ ಅದೊಂದೇ. ಈ ದೇಶದಲ್ಲಿ ಮನೆಮನೆಯಲ್ಲಿ ಬಂದೂಕು ಇರಬಹುದು ಅಂದುಕೊಂಡೇ ಪೊಲೀಸರು ಬಾಗಿಲು ತಟ್ಟುತ್ತಾರೆ. ಅವರ ಕಣ್ಣು ಮೊದಲು ಹೋಗುವುದು ಕೈಗಳ ಮೇಲೆ. ಆದ್ದರಿಂದ ಇವತ್ತೇ ತಾಯಿಯವರಿಗೆ ಹೇಳಿಕೊಡಿ. ಪೊಲೀಸರು ಬಂದರೆ ಕೈಯಲ್ಲಿ ಚಾಕು, ಲಟ್ಟಣಿಗೆ, ಫೋನು ಏನೇ ಇದ್ದರೂ ಇದ್ದಲ್ಲೇ ಇಟ್ಟು, ಬರಿಗೈ ಕಾಣುವ ಹಾಗೆ ಬರಬೇಕು. ಒಳಗಿಂದ ಪಾಸ್‌ಪೋರ್ಟ್ ತರಲು ದಿಢೀರನೆ ಓಡಬಾರದು. ಬೀರುವಿನಲ್ಲಿದೆ, ತರಲಾ ಅಂತ ಕೇಳಿ ಹೋಗಬೇಕು. ನೀವು ಹೋಗುವಾಗಲೂ ಅಷ್ಟೇ.

ಬಣ್ಣದ ಪ್ರಶ್ನೆಗೆ ಪ್ರಾಮಾಣಿಕವಾಗಿ ಹೇಳಬೇಕು. ಕರೆ ಕಟ್ ಆದರೆ ಬಂದು ನೋಡುವುದು ಎಲ್ಲರಿಗೂ ಇರುವ ಪದ್ಧತಿ. ಬಿಳಿಯರ ಮನೆಗೂ ಹೀಗೇ ಬರುತ್ತಾರೆ, ಅವರ ಹೆಂಡತಿಯನ್ನೂ ಹೀಗೇ ಕೇಳುತ್ತಾರೆ. ಆದರೆ ನಿಮ್ಮ ಭಯಕ್ಕೆ ಆಧಾರವೇ ಇಲ್ಲ ಅಂತ ಹೇಳಲು ನನಗೆ ಬಾಯಿ ಬರಲ್ಲ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಲ್ಲಿ, ಮಗನ ಮನೆಗೆ ಬಂದಿದ್ದ ಗುಜರಾತಿನ ಹಿರಿಯರೊಬ್ಬರು ಬೆಳಗ್ಗೆ ಬೀದಿಯಲ್ಲಿ ಸುತ್ತಾಡುತ್ತಿದ್ದರು. ಯಾರೋ ಅನುಮಾನಪಟ್ಟು ಪೊಲೀಸರಿಗೆ ಹೇಳಿದರು. ಆ ಹಿರಿಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಅವರ ದೇಹದ ಸ್ವಾಧೀನ ಭಾಗಶಃ ಹೋಯಿತು. ಅಲಬಾಮಾದ ಗವರ್ನರ್ ಭಾರತದ ಕಾನ್ಸುಲೇಟಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಕೋರ್ಟಿನಲ್ಲಿ ಆ ಅಧಿಕಾರಿಗೆ ಶಿಕ್ಷೆಯಾಗಲಿಲ್ಲ. ಊರಿಂದ ಬಂದ ಅಪ್ಪ-ಅಮ್ಮ ವಾಕಿಂಗ್ ಹೊರಟಾಗಲೆಲ್ಲ ಇಲ್ಲಿರುವ ನಮ್ಮಂಥವರಿಗೆ ಅದು ನೆನಪಾಗುತ್ತದೆ. ತಾಯಿಯವರ ಕೈಗೆ ಒಂದು ಚೀಟಿ ಬರೆದುಕೊಡಿ: ಹೆಸರು, ಮನೆ ವಿಳಾಸ, ನಿಮ್ಮ ನಂಬರ್, ‘ನನಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡ ಮಾತಾಡುತ್ತೇನೆ’ ಅಂತ ಇಂಗ್ಲಿಷಿನಲ್ಲಿ. ಅದು ಹೊರಗೆ ಹೊರಟಾಗ ಕೈಯಲ್ಲೋ ಪರ್ಸಿನ ಮೇಲ್ಗಡೆಯೋ ಇರಲಿ, ಸ್ವೆಟರ್ ಒಳಗಿನ ಜೇಬಿನಲ್ಲಿ ಬೇಡ.

ಮತ್ತೆ ಹೀಗೆ ಆಗದಿರಲು ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಕರೆ ಹೋಗಿಬಿಟ್ಟಿತು ಅಂತಿಟ್ಟುಕೊಳ್ಳಿ. ಕಟ್ ಮಾಡಬೇಡಿ! ಇದೊಂದು ನೆನಪಿಟ್ಟುಕೊಂಡರೆ ಸಾಕು. ಆ ಕಡೆಯವರು ಮಾತಾಡುವವರೆಗೂ ಕಾದು, ಮಗು ಒತ್ತಿತು, ಯಾರಿಗೂ ಏನೂ ಆಗಿಲ್ಲ, ನನ್ನ ಹೆಸರು ಇದು, ವಿಳಾಸ ಇದು ಅಂತ ಹೇಳಿ. ಅವರು ಒಂದೆರಡು ಪ್ರಶ್ನೆ ಕೇಳುತ್ತಾರೆ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಕಟ್ ಆಗಿಬಿಟ್ಟಿದ್ದರೆ ವಾಪಸ್ ಬರುವ ಕರೆಯನ್ನು ತಪ್ಪದೆ ಎತ್ತಿ. ತಾಯಿಯವರೇ ಎತ್ತಿದರೆ ‘ಕನ್ನಡ’ ಅಂತ ಒಂದು ಮಾತು ಹೇಳಲಿ. ಹೆಚ್ಚಿನ ಕೇಂದ್ರಗಳು ಫೋನ್ ಮೇಲೆಯೇ ದುಭಾಷಿಗಳನ್ನು ಕರೆಸಿಕೊಳ್ಳುತ್ತವೆ. ಹಳೆ ಫೋನನ್ನು ಸಿಮ್ ತೆಗೆದು ಮಗುವಿನ ಕೈಗೆ ಕೊಡುವವರಿದ್ದಾರೆ. ಸಿಮ್ ಇಲ್ಲದಿದ್ದರೂ ಅದರಿಂದ 911ಕ್ಕೆ ಕರೆ ಹೋಗುತ್ತದೆ, ಆ ಫೋನಿಗೆ ವಾಪಸ್ ಕರೆ ಮಾಡಲು ಮಾತ್ರ ಆಗಲ್ಲ. ಆಟಕ್ಕೆ ಕೊಡಲೇಬೇಕು ಅಂದರೆ ಬ್ಯಾಟರಿ ಇಲ್ಲದ ಫೋನ್ ಕೊಡಿ.

ಆಫೀಸಿನ ಮೇಜಿನ ಫೋನಿನ ಬಗ್ಗೆಯೂ ಎಚ್ಚರ. ಹೊರಗಿನ ಲೈನಿಗೆ 9, ಆಮೇಲೆ ಹೊರದೇಶದ ಕರೆಗೆ 011, ಆಮೇಲೆ ಭಾರತದ 91 ಒತ್ತುವಾಗ ಮಧ್ಯದ ಸೊನ್ನೆ ಬಿಟ್ಟುಹೋದರೆ ನೀವು ಒತ್ತಿದ್ದು 911. ಬೆಂಗಳೂರಿಗೆ ಫೋನ್ ಮಾಡಲು ಹೋಗಿ ಆಫೀಸಿಗೆ ಪೊಲೀಸರನ್ನು ಕರೆಸಿದವರು ನಮ್ಮಲ್ಲಿ ಇದ್ದಾರೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಕರೆಯ ಭಾಗಕ್ಕೆ ಹೋದರೆ, ಬಟನ್ ಐದು ಸಲ ಒತ್ತಿದರೆ ತಾನೇ ಕರೆ ಹೋಗುವುದನ್ನು ನಿಲ್ಲಿಸಬಹುದು. ಐಫೋನಿನಲ್ಲೂ ಇದೆ, ಆಂಡ್ರಾಯ್ಡ್‌ನಲ್ಲೂ ಇದೆ. ನಿಮ್ಮ ಫೋನಿನಲ್ಲಿ ಬೇಕಾದರೆ ನಿಲ್ಲಿಸಿ. ಹೆಂಡತಿಯ ಫೋನಿನಲ್ಲಿ ನಿಲ್ಲಿಸಬೇಕಾ ಬೇಡವಾ ಅನ್ನುವುದನ್ನು ಅವರಿಗೇ ಬಿಡಿ. ಇಡೀ ದಿನ ಮಗುವಿನ ಜೊತೆ ಒಬ್ಬರೇ ಇರುವವರು ಅವರು. ಮೆಟ್ಟಿಲಿಂದ ಬಿದ್ದರೆ, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ನಂಬರ್ ಹುಡುಕಲು ಹೊತ್ತಿರಲ್ಲ. ನನ್ನನ್ನು ಕೇಳಿದರೆ ಅದು ಹಾಗೇ ಇರಲಿ, ಫೋನ್ ಮಗುವಿನ ಕೈಗೆ ಸಿಗದ ಹಾಗೆ ಮೇಲಿಡಿ.

ತಾಯಿಯವರ ಹೆದರಿಕೆ ಮಾತಿನಿಂದ ಹೋಗುವಂಥದ್ದಲ್ಲ. ಆಗಸ್ಟ್ ತಿಂಗಳವರೆಗೂ ಅವರು ಇಲ್ಲೇ ಇರುತ್ತಾರೆ ಅಂದಿರಲ್ಲ, ಆ ತಿಂಗಳ ಮೊದಲ ಮಂಗಳವಾರ ಸಂಜೆ ಎಷ್ಟೋ ಊರುಗಳಲ್ಲಿ ‘ನ್ಯಾಷನಲ್ ನೈಟ್ ಔಟ್’ ಅಂತ ನಡೆಯುತ್ತದೆ. ಪೊಲೀಸರು, ಅಗ್ನಿಶಾಮಕದವರು ಪಾರ್ಕಿಗೆ ಬಂದು ಊರಿನವರ ಜೊತೆ ಬೆರೆಯುತ್ತಾರೆ, ಮಕ್ಕಳನ್ನು ವಾಹನ ಹತ್ತಿಸುತ್ತಾರೆ. ನಿಮ್ಮ ಊರಿನ ಟೌನ್‌ಶಿಪ್ ಪುಟದಲ್ಲಿ ಜಾಗ, ಸಮಯ ಹಾಕಿರುತ್ತಾರೆ. ಮನೆಮಂದಿಯೆಲ್ಲ ಹೋಗಿ ಬನ್ನಿ.