ಬಾಕ್ಸ್ ಬಿಚ್ಚದೆ ಮಿಕ್ಸಿ ಸೋರುವುದು ಗೊತ್ತಾಗುತ್ತಾ?

ಪ್ರಶ್ನೆ: ಮೇಡಂ, ಗೌರಿ ಹಬ್ಬಕ್ಕೆ ಮುಂಚೆ ನಮ್ಮೂರಿನ ದೊಡ್ಡ ಅಂಗಡಿಯಲ್ಲಿ 4,600 ರೂಪಾಯಿ ಕೊಟ್ಟು ಮಿಕ್ಸಿ ತಂದೆ. ಮೊದಲ ಸಲ ಕಾಯಿ ಚಟ್ನಿ ರುಬ್ಬಲು ಹಾಕಿದರೆ ಚಿಕ್ಕ ಜಾರಿನ ಬುಡದಿಂದ ನೀರು ಸೋರಿ ಮೋಟಾರಿನ ಮೇಲೆ ಇಳಿಯಿತು. ಮಾರನೇ ದಿನವೇ ಬಾಕ್ಸ್ ಸಮೇತ ತೆಗೆದುಕೊಂಡು ಹೋದೆ. "ಸೀಲ್ ಒಡೆದು ಬಳಸಿದ್ದೀರಿ, ವಾಪಸ್ ತಗೊಳ್ಳಲ್ಲ, ಸರ್ವಿಸ್ ಸೆಂಟರಿಗೆ ಹೋಗಿ" ಎಂದರು. ಬಿಲ್ಲಿನ ಕೆಳಗೆ 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂದು ಅಚ್ಚಾಗಿದೆ. ನಾನು ಸುಮ್ನೆ ಇರಬೇಕಾ?
– ಹೆಸರು ಬೇಡ, ಹಾಸನ

ಉತ್ತರ: ಖಂಡಿತ ಸುಮ್ನೆ ಇರಬೇಡಿ. ನಿಮ್ಮ ಪತ್ರ ಓದಿ ನನಗೂ ಸಿಟ್ಟು ಬಂತು. ಬಾಕ್ಸ್ ಬಿಚ್ಚಿ, ಜಾರಿಗೆ ನೀರು ಹಾಕಿ ತಿರುಗಿಸದೆ ಅದು ಸೋರುತ್ತದೋ ಇಲ್ಲವೋ ಯಾರಿಗೆ ತಿಳಿಯುತ್ತದೆ?

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಬಣ್ಣ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು ಎಂದರೆ ವಾಪಸ್ ಪಡೆಯುವುದು ಅಂಗಡಿಯವರ ಮರ್ಜಿ. ನಿಮ್ಮದು ಹಾಗಲ್ಲ, ಮಾಲೇ ಕೆಟ್ಟಿದೆ. ದೋಷವಿರುವ ವಸ್ತುವನ್ನು ವಾಪಸ್ ಪಡೆದು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ಹಣ ಕೊಡದಿದ್ದರೆ, ಅದು ಅನುಚಿತ ವ್ಯಾಪಾರ ಎನ್ನುತ್ತದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಬಿಲ್ಲಿನ ಕೆಳಗಿನ ಆ ಒಂದು ಸಾಲು ಕಾಯ್ದೆಗಿಂತ ದೊಡ್ಡದಲ್ಲ. ಅದು ಸರಿಯಲ್ಲ ಎಂದು ಕೇಂದ್ರ ಸರ್ಕಾರ 1999ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಇಷ್ಟು ವರ್ಷವಾದರೂ ಅದನ್ನೇ ಅಚ್ಚು ಹಾಕಿಸುತ್ತಾರೆ, ಜನ ಓದಿ ಹೆದರುತ್ತಾರೆ. ಬಿಚ್ಚಿದ ಮಿಕ್ಸಿಯನ್ನು ಮತ್ತೆ ಮಾರಲಾಗದು ಎಂಬ ಅಂಗಡಿಯವರ ಕಷ್ಟ ಅರ್ಥವಾಗುತ್ತದೆ. ಆದರೆ ಆ ನಷ್ಟವನ್ನು ಅವರು ಕಂಪನಿಯ ಹತ್ತಿರ ಕೇಳಬೇಕು, ನಿಮ್ಮ ತಲೆಗೆ ಕಟ್ಟಬಾರದು.

ಈಗ ಆ ಮಿಕ್ಸಿಯನ್ನು ಮತ್ತೆ ಬಳಸಬೇಡಿ. ಸೋರಿದ ಗುರುತು, ಜಾರಿನ ಬುಡ, ಬಿಲ್ಲು, ಬಾಕ್ಸಿನ ಮೇಲಿನ ಸೀರಿಯಲ್ ನಂಬರ್ ಎಲ್ಲದರ ಫೋಟೋ ತೆಗೆದಿಡಿ. ಬಿಲ್ಲಿನ ಅಕ್ಷರ ಬೇಗ ಮಾಸಿಹೋಗುತ್ತದೆ, ಅದಕ್ಕೇ ಫೋಟೋ ಮುಖ್ಯ. ಸರ್ವಿಸ್ ಸೆಂಟರಿಗೆ ಕೊಡಲೇಬೇಕಾದರೆ, ಜಾರು ಸೋರುತ್ತದೆ ಎಂದು ಬರೆದ ಜಾಬ್ ಶೀಟ್ ಕೈಗೆ ಬಾರದೆ ಕೊಡಬೇಡಿ. ಆಮೇಲೆ ಅಂಗಡಿಗೂ ಕಂಪನಿಗೂ ಒಂದೇ ಕಾಗದ ಬರೆಯಿರಿ: ಯಾವತ್ತು ಕೊಂಡಿರಿ, ಏನಾಯಿತು, ಏನು ಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಉತ್ತರ ಬರಲಿಲ್ಲವೇ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಎರಡು ವರ್ಷದವರೆಗೆ ಅವಕಾಶವಿದೆ, ಆದರೆ ತಡ ಮಾಡಬೇಡಿ.

ಕಾಗದ ತಲುಪಿದ ಮೇಲೆ ಅಂಗಡಿಯವರು "ಜಾರ್ ಮಾತ್ರ ಬದಲಿಸಿ ಕೊಡ್ತೀವಿ" ಎನ್ನಬಹುದು. ನೀರು ಮೋಟಾರಿನ ಮೇಲೆ ಇಳಿದಿದೆ ಅಲ್ವಾ, ನಾಳೆ ಅದೇ ಕೈಕೊಟ್ಟರೆ? ಹೊಸ ಮಿಕ್ಸಿ, ಇಲ್ಲವೇ ಪೂರ್ತಿ 4,600 ರೂಪಾಯಿ ಕೇಳಿ.